ತಂಡದ ಕೆಲಸಕ್ಕೆ ರಜೆ ಲೆಕ್ಕ ಸೇರಿಸುವುದು ಹೇಗೆ? ಮಲೆನಾಡಿನ ಸಣ್ಣ ಕಚೇರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ದೀಪಾವಳಿ ಮುಗಿದ ವಾರ ಶಿವಮೊಗ್ಗದ ಯಾವ ಸಣ್ಣ ಕಚೇರಿಗೆ ಹೋದರೂ ಒಂದೇ ಗೋಳು. ಜನ ಇಲ್ಲ, ಕೆಲಸ ರಾಶಿ ಬಿದ್ದಿದೆ, ಗ್ರಾಹಕರ ಫೋನ್ ನಿಲ್ಲುತ್ತಿಲ್ಲ. ಹೋದ ವರ್ಷವೂ ಹೀಗೇ ಆಗಿತ್ತು, ಅದರ ಹಿಂದಿನ ವರ್ಷವೂ. ಆದರೂ ಮುಂದಿನ ಯೋಜನೆಯಲ್ಲಿ ಮತ್ತೆ "ಸಿಬ್ಬಂದಿ: 8" ಅಂತ ಬರೆದು, ಎಂಟೂ ಜನರಿಗೆ ತಿಂಗಳು ಪೂರ್ತಿ ಕೆಲಸ ಹಂಚಿಬಿಡುತ್ತಾರೆ. ರಜೆ ಅರ್ಜಿ ಬಂದಾಗ ಗಾಬರಿ.

ನಮ್ಮ ಕಡೆ ಈ ಗೋಳು ಜಾಸ್ತಿ ಇರುವುದಕ್ಕೆ ಕಾರಣ ಇದೆ. ಅಡಿಕೆ ಕೊಯ್ಲು ಶುರುವಾದರೆ ಮಂಡಿ, ಲಾರಿ, ಬ್ಯಾಂಕು, ಲೆಕ್ಕಪತ್ರ ಎಲ್ಲ ಕಡೆ ಕೆಲಸ ಏರುತ್ತದೆ. ಅದೇ ಕೊಯ್ಲಿಗೆ ನಮ್ಮ ಸಿಬ್ಬಂದಿಯೂ ಊರಿಗೆ ಹೋಗುತ್ತಾರೆ. ಕೆಲಸ ಏರುವುದು, ಕೈ ಕಡಿಮೆಯಾಗುವುದು ಎರಡೂ ಒಂದೇ ಕಾರಣಕ್ಕೆ, ಒಂದೇ ತಿಂಗಳಲ್ಲಿ. ವರ್ಷದ ರಜೆಯನ್ನೆಲ್ಲ ಕೂಡಿ 12ರಿಂದ ಭಾಗಿಸಿದರೆ ಇದು ಕಾಣುವುದೇ ಇಲ್ಲ. ಹಾಗಾಗಿ ಲೆಕ್ಕವನ್ನು ತಿಂಗಳ ಪ್ರಕಾರ, ಆಳಿನ ಪ್ರಕಾರ ಹಾಕಬೇಕು. ಅದೂ ಗ್ರಾಹಕರಿಗೆ ದಿನಾಂಕ ಕೊಡುವ ಮೊದಲು.

ಲೆಕ್ಕಕ್ಕೆ ಒಂದು ಕಚೇರಿ ಇಟ್ಟುಕೊಳ್ಳೋಣ. ಶಿವಮೊಗ್ಗ ಪೇಟೆಯಲ್ಲಿ ಅಂಗಡಿ, ಮಂಡಿಗಳ ಲೆಕ್ಕ ಬರೆಯುವ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಎಂಟು ಜನರ ಕಚೇರಿ. ವಾರಕ್ಕೆ ಆರು ದಿನ ಕೆಲಸ. ನಿಮ್ಮದು ಮುದ್ರಣಾಲಯವೋ, ಲ್ಯಾಬೋ, ಸಾಫ್ಟ್‌ವೇರ್ ತಂಡವೋ ಆಗಿದ್ದರೂ ಹಂತಗಳು ಇವೇ. ಅಂಕಿ ಮಾತ್ರ ನಿಮ್ಮದು ಹಾಕಿಕೊಳ್ಳಿ.

## ಶುರು ಮಾಡುವ ಮೊದಲು ಬೇಕಾದದ್ದು

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಒಂದು ಹಾಳೆ ಸಾಕು. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಡಿ, ಕನಿಷ್ಠ ಮೊದಲ ವರ್ಷ. ಎಂಟು ಜನರ ಲೆಕ್ಕಕ್ಕೆ ಅದು ಸುಮ್ನೆ ಖರ್ಚು.

ಹಿಂದಿನ ಎರಡು ಮೂರು ವರ್ಷದ ಹಾಜರಿ ಪುಸ್ತಕ ಬೇಕೇ ಬೇಕು. ಗೋಡೆಗೆ ತೂಗುವ ಕನ್ನಡ ಕ್ಯಾಲೆಂಡರ್ ಅಥವಾ ಪಂಚಾಂಗವೂ ಬೇಕು. ಮೊಬೈಲ್ ಕ್ಯಾಲೆಂಡರ್‌ನಲ್ಲಿ ಭೂಮಿ ಹುಣ್ಣಿಮೆ, ತುಳಸಿ ಹಬ್ಬ, ಊರ ಜಾತ್ರೆ ಸಿಗುವುದಿಲ್ಲ. ಕೊನೆಯದಾಗಿ ಕೆಲಸಗಳ ಪಟ್ಟಿ. ಯಾವ ಕೆಲಸ, ತಿಂಗಳಿಗೆ ಎಷ್ಟು, ಒಂದಕ್ಕೆ ಎಷ್ಟು ಹೊತ್ತು, ಯಾವ ತಾರೀಕಿನೊಳಗೆ ಎಂದು ಬರೆದಿಟ್ಟುಕೊಳ್ಳಿ.

ಹಾಜರಿ ಪುಸ್ತಕ ಇಲ್ಲದಿದ್ದರೆ ಸಂಬಳದ ಪಟ್ಟಿ ನೋಡಿ. ಅದೂ ಇಲ್ಲದಿದ್ದರೆ ಈ ತಿಂಗಳಿಂದಲೇ ಬರೆಯಲು ಶುರು ಮಾಡಿ. ನೆನಪಿನಿಂದ ಮಾತ್ರ ಬರೆಯಬೇಡಿ. ಯಾರು ಜಾಸ್ತಿ ರಜೆ ಹಾಕುತ್ತಾರೆ ಎಂಬ ವಿಷಯದಲ್ಲಿ ಯಜಮಾನರ ನೆನಪು ನಂಬುವ ಹಾಗಿಲ್ಲ. ಬೇಜಾರು ಮಾಡಿದ ಒಂದು ರಜೆ ನೆನಪಿರುತ್ತದೆ, ಸದ್ದಿಲ್ಲದೆ ಹೋದ ಹತ್ತು ರಜೆ ಮರೆತಿರುತ್ತದೆ.

## ಹಂತ 1: ತಿಂಗಳ ಕೆಲಸದ ದಿನ ಎಣಿಸಿ

ಇದು ಸುಲಭದ ಹಂತ. ತಿಂಗಳ ದಿನಗಳಿಂದ ಭಾನುವಾರ ಕಳೆಯಿರಿ, ಕಚೇರಿ ಮುಚ್ಚುವ ಹಬ್ಬಗಳನ್ನು ಕಳೆಯಿರಿ. ಕರ್ನಾಟಕದಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಾನೂನಿನ ಪ್ರಕಾರವೇ ರಜೆ. ಅದರ ಮೇಲೆ ಹಬ್ಬದ ರಜೆಗಳು. ನಮ್ಮ ಕಡೆ ದೀಪಾವಳಿ ಅಂದರೆ ದೊಡ್ಡ ಹಬ್ಬ. ಬಲಿಪಾಡ್ಯಮಿಯ ಗೋಪೂಜೆ ಬಿಟ್ಟು ಯಾರೂ ಕಚೇರಿಗೆ ಬರುವುದಿಲ್ಲ. ಆ ದಿನ ಬಾಗಿಲು ತೆರೆದಿಟ್ಟು "ಕೆಲಸದ ದಿನ" ಅಂತ ಎಣಿಸುವುದು ಬರೀ ಕಾಗದದ ಮೇಲಿನ ಲೆಕ್ಕ.

ನಮ್ಮ ಉದಾಹರಣೆಯ ನವೆಂಬರ್: 30 ದಿನ, ಭಾನುವಾರ 4, ರಾಜ್ಯೋತ್ಸವ 1, ದೀಪಾವಳಿ 2. ಉಳಿದದ್ದು 23 ದಿನ. ಎಂಟು ಜನ ಎಂದರೆ 184 ಆಳುದಿನ (ಒಬ್ಬರ ಒಂದು ದಿನದ ಕೆಲಸ ಒಂದು ಆಳುದಿನ).

## ಹಂತ 2: ಹೇಳಿ ಹಾಕುವ ರಜೆ ಮೊದಲೇ ಬರೆಸಿಕೊಳ್ಳಿ

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. "ರಜೆ ಬೇಕಿದ್ದರೆ ಮೊದಲೇ ಹೇಳಿ" ಅಂತ ಸುತ್ತೋಲೆ ಕಳಿಸಿ ಸುಮ್ಮನಾಗುತ್ತಾರೆ. ಯಾರೂ ಹೇಳುವುದಿಲ್ಲ. ಯಾಕೆಂದರೆ ಕೇಳಿದ ರೀತಿ ಸರಿ ಇಲ್ಲ. "ನಿಮಗೆ ಯಾವಾಗ ರಜೆ ಬೇಕು?" ಅಂತ ಕೇಳಬೇಡಿ. "ನಿಮ್ಮ ಮನೆಯಲ್ಲಿ ಈ ಮೂರು ತಿಂಗಳಲ್ಲಿ ಏನೇನಿದೆ?" ಅಂತ ಕೇಳಿ. ಆಗ ಕೊಯ್ಲು, ನಾದಿನಿಯ ಮದುವೆ, ಅಜ್ಜಿಯ ವರ್ಷಾಂತಿಕ, ಮಗನ ಪರೀಕ್ಷೆ ಎಲ್ಲ ಹೊರಗೆ ಬರುತ್ತದೆ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಕೇಳಿ. ಮಲೆನಾಡಿನಲ್ಲಿ ತಿಂಗಳು ತಿಂಗಳಿಗೂ ರಜೆಯ ಕಾರಣ ಬೇರೆ:

- ಮೇ ಕೊನೆ, ಜೂನ್: ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಸಬೇಕು. ಸುಮಾರು 40-45 ದಿನ ಬಿಟ್ಟು ಎರಡನೇ ಸಲ. ಎರಡನ್ನೂ ಈಗಲೇ ಬರೆಯಿರಿ.
- ಜುಲೈ, ಆಗಸ್ಟ್: ಗದ್ದೆ ನಾಟಿ. ಜೊತೆಗೆ ಮಳೆಗೆ ಶಾಲೆ ರಜೆ.
- ಅಕ್ಟೋಬರ್: ದಸರಾ, ಭೂಮಿ ಹುಣ್ಣಿಮೆ. ಗದ್ದೆ ತೋಟ ಇರುವವರು ಹಿಂದಿನ ರಾತ್ರಿಯೆಲ್ಲ ಅಡುಗೆ ಮಾಡಿ ಬೆಳಗಿನ ಜಾವ ಚರಗ ಬೀರುತ್ತಾರೆ, ಅಂದರೆ ಆ ಅಡುಗೆಯನ್ನು ಗದ್ದೆ ತೋಟಕ್ಕೆ ಎಡೆಯಾಗಿ ಚೆಲ್ಲುತ್ತಾರೆ. ಅವತ್ತು ಕಚೇರಿಗೆ ಬಂದರೂ ಮಧ್ಯಾಹ್ನದ ಮೇಲೆಯೇ.
- ನವೆಂಬರ್‌ನಿಂದ ಜನವರಿ: ಅಡಿಕೆ ಕೊಯ್ಲು, ಸುಲಿತ (ಸಿಪ್ಪೆ ತೆಗೆಯುವುದು). ತುಳಸಿ ಹಬ್ಬ ಆದ ಮೇಲೆ ಮದುವೆಗಳು.
- ಫೆಬ್ರವರಿ, ಮಾರ್ಚ್: ಜಾತ್ರೆಗಳು.
- ಏಪ್ರಿಲ್, ಮೇ: ಮದುವೆ, ಉಪನಯನ, ಗೃಹಪ್ರವೇಶ.

ತೇಲುವ ರಜೆಗೆ, ಅಂದರೆ ತಾರೀಕು ನಿಗದಿಯಾಗದ ರಜೆಗೆ, ಬೇರೆ ಬಣ್ಣ ಹಾಕಿ. ಕೊಯ್ಲಿನ ರಜೆಗೆ ತಾರೀಕು ಕೇಳಿದರೆ ಸಿಬ್ಬಂದಿ ತಲೆ ಕೆರೆದುಕೊಳ್ಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ಕೀಳುವವನು, ಯಾವತ್ತು ಬರುತ್ತಾನೆ ಎಂಬುದು ಅವರ ಕೈಯಲ್ಲಿಲ್ಲ. ಬಂದು ಕೊನೆ ಇಳಿಸಿದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ, ಅವತ್ತು ರಾತ್ರಿಯೇ ಸುಲಿತಕ್ಕೆ ಕೂರಬೇಕು. ಸುಲಿದದ್ದನ್ನು ಬೇಯಿಸಬೇಕು, ಅಂಗಳಕ್ಕೆ ಹರವಬೇಕು. ಮೋಡ ಬಂದರೆ ಓಡಿ ಹೋಗಿ ಎತ್ತಬೇಕು. ಪಕ್ಕದ ಮನೆಯವರು ಮುಯ್ಯಾಳಾಗಿ (ಕೂಲಿಗಲ್ಲ, ಆಳಿಗೆ ಆಳು ಎಂಬ ಲೆಕ್ಕದಲ್ಲಿ) ಬಂದಿದ್ದರೆ ಅವರ ಮನೆ ಸುಲಿತಕ್ಕೂ ಇವರು ಹೋಗಬೇಕು. ಹಾಗಾಗಿ ರಜೆ ತೋಟ ಇದ್ದವರಿಗೆ ಮಾತ್ರ, ಅವರ ತೋಟದ ಕೊಯ್ಲಿಗೆ ಮಾತ್ರ ಅಂದುಕೊಳ್ಳಬೇಡಿ. ಒಂದೇ ತೋಟಕ್ಕೆ ಹಂಗಾಮಿನಲ್ಲಿ ಎರಡು ಮೂರು ಸಲ ಕೊಯ್ಲು ಇರುತ್ತದೆ ಎಂಬುದೂ ನೆನಪಿರಲಿ.

ಇಂಥ ರಜೆಯನ್ನು ತಾರೀಕಿಗೆ ಕಟ್ಟಬೇಡಿ, ಅವಧಿಗೆ ಕಟ್ಟಿ. "5ರಿಂದ 15ರ ಒಳಗೆ 4 ದಿನ" ಅಂತ ಬರೆಯಿರಿ. ಆ ಅವಧಿ ಪೂರ್ತಿ ಹಳದಿ ಬಣ್ಣ. ಹಳದಿ ಅವಧಿಯಲ್ಲಿ ಆ ವ್ಯಕ್ತಿಗೆ ಕೊನೆ ದಿನಾಂಕ ಇರುವ ಕೆಲಸ ಕೊಡಬಾರದು. ಬೇಕಾದರೆ ಹಿಂದೆ ಮುಂದೆ ಆದರೂ ನಡೆಯುವ ಕೆಲಸ ಕೊಡಿ. ಹಳೆ ಕಡತ ಜೋಡಿಸುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಇಂಥವು.

ಇನ್ನೊಂದು ಸಣ್ಣ ವಿಷಯ. ಸುಲಿತದ ದಿನಗಳಲ್ಲಿ ರಜೆ ಹಾಕದೆ ಬಂದವರು ಹಿಂದಿನ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಹೆಬ್ಬೆರಳಲ್ಲಿ ಅಡಿಕೆ ಕಲೆ, ಕಣ್ಣಲ್ಲಿ ನಿದ್ದೆ. ಅವತ್ತು 5,160 ಅನ್ನುವುದು 5,610 ಆಗುತ್ತದೆ. ಅವರ ದಿನವನ್ನು ಅರ್ಧ ಅಂತ ಎಣಿಸಿದರೆ ಸಾಕು. ನಮೂದಿಸುವ ಕೆಲಸ ಕೊಟ್ಟು ಆಮೇಲೆ ತಪ್ಪು ಹುಡುಕುತ್ತಾ ಕೂರುವುದಕ್ಕಿಂತ ಅದು ವಾಸಿ.

ನಮ್ಮ ಉದಾಹರಣೆಯಲ್ಲಿ ಇಬ್ಬರಿಗೆ ಕೊಯ್ಲಿಗೆ ತಲಾ 4 ದಿನ, ಒಬ್ಬರಿಗೆ ಮದುವೆಗೆ 3 ದಿನ, ಅರ್ಧ ದಿನದ ಎರಡು ರಜೆ ಸೇರಿ 1. ಒಟ್ಟು 12. 184ರಲ್ಲಿ ಕಳೆದರೆ 172.

ಹೆರಿಗೆ ರಜೆಯೂ ಈ ಹಂತಕ್ಕೇ ಸೇರುತ್ತದೆ. 26 ವಾರ ಅಂದರೆ ಅರ್ಧ ವರ್ಷ. ಅದನ್ನು "ಹೇಗೋ ನಡೆಯುತ್ತದೆ" ಪಟ್ಟಿಗೆ ಹಾಕಬೇಡಿ. ಬದಲಿ ಆಳು ಬರುವವರೆಗೆ ಆ ಹೆಸರಿನ ಮುಂದೆ ಸೊನ್ನೆ ಬರೆಯಿರಿ.

## ಹಂತ 3: ಹೇಳದೆ ಬರುವ ರಜೆಗೆ ಅಂದಾಜು ಕಟ್ಟಿ

ಜ್ವರ, ಅಪಘಾತ, ಸಾವು, ಕೆಟ್ಟು ನಿಂತ ಬಸ್ಸು. ಯಾರಿಗೆ ಯಾವತ್ತು ಅಂತ ಗೊತ್ತಿಲ್ಲ. ಆದರೆ ತಿಂಗಳಿಗೆ ಸುಮಾರು ಎಷ್ಟು ಎಂಬುದು ಹಾಜರಿ ಪುಸ್ತಕದಲ್ಲಿ ಇದೆ.

ಹೋದ ಎರಡು ಮೂರು ವರ್ಷದ ಅದೇ ತಿಂಗಳು ತೆಗೆಯಿರಿ. ಎರಡು ದಿನಕ್ಕಿಂತ ಕಡಿಮೆ ಮುನ್ಸೂಚನೆ ಕೊಟ್ಟು ಹಾಕಿದ ರಜೆಗಳನ್ನು ಎಣಿಸಿ. ಅದನ್ನು ಆ ತಿಂಗಳ ಒಟ್ಟು ಆಳುದಿನದಿಂದ ಭಾಗಿಸಿ. ಉದಾಹರಣೆಗೆ 184 ಆಳುದಿನದಲ್ಲಿ 11 ದಿನ ಹಾಗೆ ಹೋಗಿದ್ದರೆ ಸುಮಾರು ಶೇ 6. ಈ ನವೆಂಬರ್‌ನ 172ಕ್ಕೆ ಶೇ 6 ಅಂದರೆ ಹತ್ತಿರ ಹತ್ತಿರ 10. ಉಳಿದದ್ದು 162.

ಪ್ರತಿ ತಿಂಗಳಿಗೂ ಈ ಶೇಕಡಾ ಬೇರೆ ಬರುತ್ತದೆ, ಬರಲೇಬೇಕು. ಜುಲೈನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಸುದ್ದಿ ಬರುವುದು ಹಿಂದಿನ ರಾತ್ರಿ, ಕೆಲವು ಸಲ ಅವತ್ತು ಬೆಳಿಗ್ಗೆ. ಸಣ್ಣ ಮಕ್ಕಳಿರುವವರು ಮನೆಯಲ್ಲೇ ಉಳಿಯುತ್ತಾರೆ. ಅದೇ ಮಳೆಗೆ ಮರ ಬಿದ್ದು ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಮಳೆಗಾಲದ ಗೈರು ಒಬ್ಬೊಬ್ಬರದಾಗಿ ಬರುವುದಿಲ್ಲ, ಮೂರು ನಾಲ್ಕು ಒಟ್ಟಿಗೇ ಬರುತ್ತದೆ. ಮಕ್ಕಳಿರುವವರು ಯಾರು, ದೂರದಿಂದ ಬರುವವರು ಯಾರು ಅಂತ ಹಾಳೆಯಲ್ಲಿ ಗುರುತು ಮಾಡಿ. ಒಂದೇ ಕೆಲಸಕ್ಕೆ ಇರುವ ಇಬ್ಬರೂ ಅದೇ ಗುಂಪಿನವರಾಗಿದ್ದರೆ ಅದು ಅಪಾಯ.

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ (ಉಣ್ಣೆ ಕಡಿತದಿಂದ ಬರುವ ಜ್ವರ) ಕಾಲ. ಕಾಡಂಚಿನ ಊರುಗಳಿಂದ ಬರುವವರಿಗೆ ಬಂದರೆ ಎರಡು ಮೂರು ದಿನದ ಜ್ವರದಲ್ಲಿ ಮುಗಿಯುವುದಿಲ್ಲ, ಸುಸ್ತು ವಾರಗಟ್ಟಲೆ ಇರುತ್ತದೆ. ಇಂಥದನ್ನು ಶೇಕಡಾವಾರಿಗೆ ಸೇರಿಸಬೇಡಿ. ಒಬ್ಬರ ದೊಡ್ಡ ರಜೆ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಎರಡು ವಾರ ಮೀರಿದ ರಜೆಯನ್ನು ಎಣಿಕೆಯಿಂದ ತೆಗೆದು ಬೇರೆ ಬರೆದಿಡಿ.

ಹಳೆ ಪುಸ್ತಕ ದಾರಿ ತಪ್ಪಿಸುವ ಕಡೆಗಳೂ ಇವೆ. ಸಾಗರದ ಮಾರಿಕಾಂಬಾ ಜಾತ್ರೆ 3 ವರ್ಷಕ್ಕೊಮ್ಮೆ, ಶಿವಮೊಗ್ಗ ಕೋಟೆ ಮಾರಿಕಾಂಬೆಯದು 2 ವರ್ಷಕ್ಕೊಮ್ಮೆ. ಹೋದ ವರ್ಷದ ಫೆಬ್ರವರಿ ನೋಡಿ ಈ ಫೆಬ್ರವರಿ ಅಂದಾಜಿಸಿದರೆ ಜಾತ್ರೆ ವರ್ಷದಲ್ಲಿ ಕೆಡುತ್ತೀರಿ. ನೆಂಟರು ತುಂಬಿದ ಮನೆ ಬಿಟ್ಟು ಯಾರು ಬರುತ್ತಾರೆ, ಅಲ್ವಾ? ಉಲ್ಟಾ ಉದಾಹರಣೆಯೂ ಇದೆ. ತುಮರಿ ಕಡೆಯಿಂದ ಸಾಗರಕ್ಕೆ ಬರುವವರು ಹಿಂದೆ ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಾರಣ ಹೋಯಿತು. ಹೋದ ಕಾರಣದ ತಡವನ್ನು ಈ ವರ್ಷದ ಲೆಕ್ಕಕ್ಕೆ ತರಬೇಡಿ.

ಕಾನೂನಿನ ಮಾತು ಒಂದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ, ವರ್ಷಕ್ಕೆ 12 ದಿನದವರೆಗೆ ಅನಾರೋಗ್ಯ ರಜೆ ಇದೆ. ಮಹಿಳಾ ಸಿಬ್ಬಂದಿಗೆ ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು 2025ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದೆ. ಇವು ಸಿಬ್ಬಂದಿಯ ಹಕ್ಕು. "ಯಾರೂ ಪೂರ್ತಿ ತೆಗೆದುಕೊಳ್ಳುವುದಿಲ್ಲ ಬಿಡಿ" ಅನ್ನುವ ನಂಬಿಕೆ ಮೇಲೆ ಯೋಜನೆ ಕಟ್ಟುವುದು ಸರಿಯಲ್ಲ.

## ಹಂತ 4: ದಿನಕ್ಕೆ ನಿಜವಾಗಿ ಎಷ್ಟು ಗಂಟೆ?

ಎಂಟು ಗಂಟೆ ಕಚೇರಿ ಅಂದರೆ ಎಂಟು ಗಂಟೆ ಕೆಲಸ ಅಲ್ಲ. ಚಹಾ, ಫೋನ್, "ಒಂದು ನಿಮಿಷ ಬನ್ನಿ" ಅನ್ನುವ ಅರ್ಧ ಗಂಟೆ, ಕರೆಂಟ್ ಹೋದಾಗ ಯುಪಿಎಸ್ ಕೂಗುವುದು, ಮಂಡಿಯಿಂದ ಹೇಳದೆ ಬಂದು ಕೂರುವ ಗ್ರಾಹಕರು. ಅವರನ್ನು ಕಾಫಿ ಕೊಡದೆ ಕಳಿಸಲು ಆಗುತ್ತದಾ?

ಎರಡು ವಾರ ಎಲ್ಲರೂ ಒಂದು ಚೀಟಿಯಲ್ಲಿ ಬರೆಯಲಿ: ಪಟ್ಟಿಯಲ್ಲಿರುವ ಕೆಲಸಕ್ಕೆ ಇವತ್ತು ಎಷ್ಟು ಗಂಟೆ ಹೋಯಿತು. ಬೇರೆ ಏನೂ ಬೇಡ. ಇದು ಯಾರನ್ನೂ ಹಿಡಿಯಲು ಅಲ್ಲ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಎಲ್ಲರೂ 8 ಅಂತಲೇ ಬರೆಯುತ್ತಾರೆ.

ಬರುವ ಅಂಕಿ ಒಬ್ಬೊಬ್ಬರದು ಒಂದೊಂದು. ಮುಂದಿನ ಮೇಜಿನಲ್ಲಿ ಕೂತು ಬಂದವರನ್ನು ಮಾತಾಡಿಸುವವರಿಗೆ 4 ಬರಬಹುದು, ಒಳಗೆ ಕೂತವರಿಗೆ 6. ಉದಾಹರಣೆಗೆ ಎಲ್ಲರಿಗೂ 6 ಇಟ್ಟುಕೊಳ್ಳೋಣ.

ಹೊಸಬರು ಮತ್ತು ಮೇಲ್ವಿಚಾರಕರ ಲೆಕ್ಕ ಬೇರೆ. ಮೂರು ತಿಂಗಳಾಗದ ಹೊಸಬರು ಅರ್ಧ ಆಳು. ಅವರಿಗೆ ಕಲಿಸುವವರ ಹೊತ್ತೂ ಹೋಗುತ್ತದೆ. ಮೇಲ್ವಿಚಾರಕರ ಅರ್ಧ ದಿನ ಬೇರೆಯವರ ಕೆಲಸ ನೋಡುವುದರಲ್ಲೇ ಕಳೆಯುತ್ತದೆ. ಅವರನ್ನು ಪೂರ್ತಿ ಎಣಿಸುವ ಚಾಳಿ ಎಲ್ಲ ಕಚೇರಿಯಲ್ಲೂ ಇದೆ.

## ಹಂತ 5: ಕೂಡಿ ಕಳೆಯಿರಿ

ಇಲ್ಲಿಯವರೆಗೆ 162 ಆಳುದಿನ. ಎಂಟು ಜನರಲ್ಲಿ ಹೊಸಬರು ಒಬ್ಬರು, ಮೇಲ್ವಿಚಾರಕರು ಒಬ್ಬರು ಅಂದುಕೊಳ್ಳಿ; ಹೊಸಬರ ಅರ್ಧ ಅಂತ 11, ಮೇಲ್ವಿಚಾರಕರ ಅರ್ಧ ಅಂತ 10 ಕಳೆಯಿರಿ. 141. ದಿನಕ್ಕೆ 6 ಗಂಟೆಯಂತೆ 846 ಗಂಟೆ.

"8 ಜನ, 23 ದಿನ, 8 ಗಂಟೆ" ಅಂತ ಗುಣಿಸಿದವರ ಹತ್ತಿರ ಕಾಗದದ ಮೇಲೆ 1,472 ಗಂಟೆ ಇರುತ್ತದೆ. ಗ್ರಾಹಕರಿಗೆ ಅವರು ಮಾತು ಕೊಡುವುದು ಈ ಅಂಕಿಯನ್ನು ನಂಬಿ. ಇರದ 626 ಗಂಟೆಯನ್ನು ರಾತ್ರಿ ಕೂತು ತುಂಬಿಸುವವರು ಸಿಬ್ಬಂದಿ.

846ನ್ನೂ ಪೂರ್ತಿ ಹಂಚಬೇಡಿ. ಶೇ 85ಕ್ಕೆ ನಿಲ್ಲಿಸಿ, ಅಂದರೆ ಸುಮಾರು 720 ಗಂಟೆ. ಉಳಿದದ್ದು ಅಂದಾಜು ತಪ್ಪಿದ ಕೆಲಸಕ್ಕೆ, ನೋಟಿಸ್ ಬಂದಿದೆ ಅಂತ ಓಡಿ ಬರುವ ಗ್ರಾಹಕರಿಗೆ. ಗಮನಿಸಿ, ಈ ಶೇ 15 ರಜೆಗಾಗಿ ಅಲ್ಲ. ರಜೆಯನ್ನು ಹಂತ 2 ಮತ್ತು 3ರಲ್ಲಿ ಆಗಲೇ ಕಳೆದಾಗಿದೆ. ಎರಡನ್ನೂ ಕಲಸಿದರೆ ಒಂದೋ ರಜೆಯನ್ನು ಎರಡು ಸಲ ಕಳೆಯುತ್ತೀರಿ, ಇಲ್ಲವೇ ಒಂದು ಸಲವೂ ಕಳೆಯುವುದಿಲ್ಲ.

## ಹಂತ 6: ಒಟ್ಟು ಗಂಟೆ ನಂಬಬೇಡಿ, ಕೆಲಸದ ಪ್ರಕಾರ ಒಡೆಯಿರಿ

720 ಗಂಟೆ ಇದೆ, ಕೆಲಸ 650 ಗಂಟೆಯದು, ಆರಾಮ ಅಂದುಕೊಂಡವರು ಬೀಳುವ ಗುಂಡಿ ಇದು. ಯಾರ ಗಂಟೆ, ಯಾವ ವಾರದ ಗಂಟೆ ಎಂಬುದು ಮುಖ್ಯ.

ಒಂದು ಹಾಳೆ ಮಾಡಿ. ಎಡಗಡೆ ಕೆಲಸಗಳು, ಮೇಲೆ ಹೆಸರುಗಳು. ಯಾರ ನೆರವೂ ಇಲ್ಲದೆ ಮಾಡಬಲ್ಲರು ಅಂದರೆ 2, ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡಬಲ್ಲರು ಅಂದರೆ 1, ಬರುವುದಿಲ್ಲ ಅಂದರೆ ಖಾಲಿ. ಯಾವ ಸಾಲಿನಲ್ಲಿ ಒಂದೇ 2 ಇದೆಯೋ ಅದು ಕೆಂಪು.

ಈಗ ಕೊನೆ ದಿನಾಂಕ ಇರುವ ಕೆಲಸಕ್ಕೆ ಹಂತ 1ರಿಂದ 4ರವರೆಗೆ ಮತ್ತೊಮ್ಮೆ ಹಾಕಿ. ತಿಂಗಳಿಗೊಮ್ಮೆ ಸಲ್ಲಿಸುವವರ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11ನೇ ತಾರೀಕು, 3ಬಿಗೆ (ಒಟ್ಟು ಲೆಕ್ಕ, ತೆರಿಗೆ ಪಾವತಿ) 20ನೇ ತಾರೀಕು ಕೊನೆ. ನಮ್ಮ ನವೆಂಬರ್‌ನಲ್ಲಿ 11ರವರೆಗೆ ಭಾನುವಾರ, ರಾಜ್ಯೋತ್ಸವ, ದೀಪಾವಳಿ ಕಳೆದರೆ ಉಳಿಯುವುದು 7 ದಿನ. ಸಲ್ಲಿಸಲು ಬಲ್ಲವರು ಇಬ್ಬರು: 14 ಆಳುದಿನ, 84 ಗಂಟೆ. ಅವರಲ್ಲಿ ಒಬ್ಬರಿಗೆ 5ರಿಂದ 15ರ ಒಳಗೆ 4 ದಿನದ ಕೊಯ್ಲು ರಜೆ. ನಾಲ್ಕೂ ದಿನ 11ರ ಒಳಗೇ ಬಿದ್ದರೆ 60 ಗಂಟೆ. 90 ಗ್ರಾಹಕರು, ತಲಾ 45 ನಿಮಿಷ ಅಂದರೆ 67 ಗಂಟೆ ಮೀರುತ್ತದೆ. ಹೇಳದ ರಜೆಯ ಪಾಲು ಇನ್ನೂ ಕಳೆದೇ ಇಲ್ಲ. ಇಡೀ ಕಚೇರಿಯಲ್ಲಿ ಗಂಟೆ ಬೇಕಾದಷ್ಟಿದೆ, ಈ ಏಳು ದಿನ ಈ ಇಬ್ಬರ ಹತ್ತಿರ ಇಲ್ಲ.

ಇಷ್ಟು ಗೊತ್ತಾದ ಮೇಲೆ ದಾರಿ ಹುಡುಕುವುದು ಕಷ್ಟವಲ್ಲ. ಅದೂ ಸೆಪ್ಟೆಂಬರ್‌ನಲ್ಲೇ ಗೊತ್ತಾದರೆ:

- ಬಿಲ್‌ಗಳನ್ನು ಅಕ್ಟೋಬರ್ ತಿಂಗಳಲ್ಲಿ ವಾರ ವಾರ ತರಿಸಿಕೊಳ್ಳಿ. ನಮೂದು ಬೇರೆಯವರು ಮುಗಿಸಿಟ್ಟರೆ ಬಲ್ಲವರಿಗೆ ಉಳಿಯುವುದು ಪರಿಶೀಲನೆ, ಸಲ್ಲಿಕೆ ಅಷ್ಟೇ. 45 ನಿಮಿಷ 25ಕ್ಕೆ ಇಳಿಯಬಹುದು.
- ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗಿನ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ವ್ಯವಸ್ಥೆ ಆರಿಸಿಕೊಳ್ಳಬಹುದು, ತೆರಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಯಾರಿಗೆ ಹೊಂದುತ್ತದೆ ಅಂತ ಹಂಗಾಮಿಗೆ ಮೊದಲೇ ಕೇಳಿ.
- ಹಾಳೆಯಲ್ಲಿ 1 ಇರುವವರನ್ನು 2 ಮಾಡಿ. ಕಲಿಸಲು ಒಳ್ಳೆಯ ತಿಂಗಳು ಆಗಸ್ಟ್, ಸೆಪ್ಟೆಂಬರ್. ನವೆಂಬರ್‌ನಲ್ಲಿ ಕಲಿಸಲು ಕೂತರೆ ಕೆಲಸವೂ ಕೆಟ್ಟಿತು, ಕಲಿಕೆಯೂ ಕೆಟ್ಟಿತು.

ತಡವಾದರೆ ಎಷ್ಟು ಬೀಳುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ತೆರಿಗೆ ಕಟ್ಟಬೇಕಿರುವ 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಶೂನ್ಯ ವಹಿವಾಟಿಗೆ 20. ತೆರಿಗೆ ಬಾಕಿಗೆ ವರ್ಷಕ್ಕೆ ಶೇ 18 ಬಡ್ಡಿ ಬೇರೆ. ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವಾಗ ಇದು ಬೇಕಾಗುತ್ತದೆ.

ಓಟಿಪಿ ಪರೀಕ್ಷೆ ಮರೆಯಬೇಡಿ. ಕೆಲಸ ಬಲ್ಲ ಇನ್ನೊಬ್ಬರು ಇದ್ದಾರೆ ಅಂದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ. ಕಚೇರಿಯಲ್ಲಿ ಕೂತವರು ಲಾಗಿನ್ ಒತ್ತುತ್ತಾರೆ, ಓಟಿಪಿ ರಜೆಯಲ್ಲಿರುವವರ ಮೊಬೈಲಿಗೆ ಹೋಗುತ್ತದೆ. ಅವರು ಹೊಸನಗರ ತಾಲೂಕಿನ ನಗರ ಹೋಬಳಿಯ ಯಾವುದೋ ತೋಟದಲ್ಲಿ, ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಓಟಿಪಿಗೆ ಹತ್ತು ನಿಮಿಷದ ಆಯಸ್ಸು. ಪಾಸ್‌ವರ್ಡ್, ಡಿಜಿಟಲ್ ಸಹಿಯ ಡಾಂಗಲ್, ಬೀರುವಿನ ಬೀಗದ ಕೈ, ಬ್ಯಾಂಕಿನ ಅಧಿಕಾರ ಎಲ್ಲಕ್ಕೂ ಇದೇ ಪ್ರಶ್ನೆ ಕೇಳಿ: ಇವರು ಇಲ್ಲದಿದ್ದರೆ ಯಾರ ಕೈಯಲ್ಲಿ? ಕಚೇರಿ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಗ್ರಾಹಕರ ಒಪ್ಪಿಗೆ ಪಡೆದು ಅದನ್ನೇ ನೋಂದಾಯಿಸಿದರೆ ಅರ್ಧ ತಲೆನೋವು ಹೋಗುತ್ತದೆ.

## ಹಂತ 7: ರಜೆಗೆ ನಿಯಮ ಮಾಡಿ, ಒಟ್ಟಿಗೆ ಕೂತು ಮಾಡಿ

"ಒಂದು ದಿನ ಇಬ್ಬರಿಗಿಂತ ಹೆಚ್ಚು ರಜೆ ಇಲ್ಲ" ಎಂಬ ನಿಯಮ ಚೆನ್ನಾಗಿ ಕೇಳಿಸುತ್ತದೆ, ಉಪಯೋಗ ಕಡಿಮೆ. ಆ ಇಬ್ಬರೇ ಜಿಎಸ್‌ಟಿ ಬಲ್ಲವರಾದರೆ? ನಿಯಮವನ್ನು ತಲೆ ಎಣಿಸಿ ಮಾಡಬೇಡಿ, ಕೆಲಸ ನೋಡಿ ಮಾಡಿ. ಕೊನೆ ದಿನಾಂಕ ಹತ್ತಿರ ಇರುವ ಪ್ರತಿ ಕೆಲಸಕ್ಕೂ ಅದನ್ನು ಬಲ್ಲವರು ಒಬ್ಬರಾದರೂ ಕಚೇರಿಯಲ್ಲಿ ಇರಬೇಕು, ಅಷ್ಟೇ.

ಹಬ್ಬದ ಮರುದಿನ ಯಾರು ಬರಬೇಕು ಎಂಬುದರಲ್ಲಿ ಜಗಳ ಜಾಸ್ತಿ. ಸರದಿ ಹಾಕಿ. ಈ ವರ್ಷ ದೀಪಾವಳಿ ವಾರ ಬಂದವರಿಗೆ ಮುಂದಿನ ವರ್ಷ ಬಿಡುವು. ತೋಟ ಇರುವವರು ಕೊಯ್ಲಿನಲ್ಲಿ ಹೋಗಲಿ, ಪೇಟೆಯವರು ಆಗ ನೋಡಿಕೊಳ್ಳಲಿ. ಏಪ್ರಿಲ್, ಮೇನಲ್ಲಿ ಮಕ್ಕಳ ರಜೆಗೆ ಪೇಟೆಯವರು ಪ್ರವಾಸ ಹೋದಾಗ ತೋಟದವರು ಹೊರಲಿ. ಊರಲ್ಲಿ ಮುಯ್ಯಾಳು ನಡೆಯುವುದೂ ಹೀಗೆಯೇ, ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಯಾರು ಯಾರಿಗೆ ಎಷ್ಟು ದಿನ ನಿಂತರು ಅಂತ ಹಾಳೆಯಲ್ಲಿ ಬರೆದಿರಬೇಕು. ಮದುವೆಯಾಗದವರ ಮೇಲೆ, ಊರು ಹತ್ತಿರ ಇರುವವರ ಮೇಲೆ ಎಲ್ಲ ಭಾರ ಹಾಕುವುದು ಅನ್ಯಾಯ. ಭದ್ರಾವತಿಯವರು ಅಂತ ಪ್ರತಿ ಸಲ ಅವರನ್ನೇ ಕರೆದರೆ ಒಂದು ದಿನ ಅವರು ಫೋನ್ ಎತ್ತುವುದಿಲ್ಲ.

ಎಲ್ಲರಿಗೂ ಕಾಣುವ ಕ್ಯಾಲೆಂಡರ್‌ನಲ್ಲಿ "ರಜೆ" ಅಂತ ಮಾತ್ರ ಬರೆಯಿರಿ. ಕಾಯಿಲೆ, ಮುಟ್ಟು, ಮನೆ ಜಗಳ ಯಾವುದೂ ಅಲ್ಲಿಗೆ ಬೇಡ.

## ಹಂತ 8: ಬೆಳಿಗ್ಗೆ ಒಂಬತ್ತಕ್ಕೆ "ಇವತ್ತು ಬರಲ್ಲ" ಅಂತ ಸಂದೇಶ ಬಂದರೆ

ಈ ಅನುಕ್ರಮ ಮೊದಲೇ ಬರೆದು ಗೋಡೆಗೆ ಅಂಟಿಸಿ. ಆ ಹೊತ್ತಲ್ಲಿ ಯೋಚಿಸಲು ಆಗುವುದಿಲ್ಲ.

1. ಅವರ ಹತ್ತಿರ ಇವತ್ತು ಅಥವಾ ನಾಳೆ ಕೊನೆಯಾಗುವ ಕೆಲಸ ಏನಿದೆ ನೋಡಿ. ಇಲ್ಲದಿದ್ದರೆ ಏನೂ ಮಾಡಬೇಡಿ. ಹೌದು, ಏನೂ ಮಾಡಬೇಡಿ. ಅವರು ಬಂದು ಮಾಡುತ್ತಾರೆ. ಪ್ರತಿ ಗೈರಿಗೂ ಕೆಲಸ ಕದಲಿಸಿದರೆ ಇಬ್ಬರ ದಿನ ಹಾಳು.
2. ಇದ್ದರೆ, ಆ ಸಾಲಿನಲ್ಲಿ 2 ಇರುವ ಇನ್ನೊಬ್ಬರಿಗೆ ಕೊಡಿ. ಕೊಡುವಾಗ ಅವರ ಕೆಲಸದಿಂದ ಏನು ತೆಗೆಯುತ್ತೀರಿ ಅಂತಲೂ ಹೇಳಿ. "ಇದನ್ನೂ ಸ್ವಲ್ಪ ನೋಡಿ" ಅನ್ನುವ ಮಾತು ನಿಷೇಧಿಸಿ.
3. ಯಾರೂ ಇಲ್ಲದಿದ್ದರೆ ಗ್ರಾಹಕರಿಗೆ ಹನ್ನೊಂದು ಗಂಟೆಯೊಳಗೆ ಫೋನ್ ಮಾಡಿ. ಸಂಜೆ ಆರಕ್ಕೆ ಹೇಳಿದರೆ ಬೈಗುಳ, ಬೆಳಿಗ್ಗೆ ಹೇಳಿದರೆ ಬಹಳ ಸಲ "ಪರವಾಗಿಲ್ಲ ಬಿಡಿ."
4. ರಜೆಯಲ್ಲಿರುವವರಿಗೆ ಕರೆ ಕೊನೆಯ ದಾರಿ. ಒಂದೇ ಕರೆ, ಒಂದೇ ಪ್ರಶ್ನೆ.

## ಹಂತ 9: ಶನಿವಾರ ಹದಿನೈದು ನಿಮಿಷ

ಹಾಳೆ ತೆರೆದು ಎರಡು ಅಂಕಿ ತುಂಬಿಸಿ: ಈ ವಾರ ಸಿಗುತ್ತದೆ ಅಂದುಕೊಂಡ ಗಂಟೆ, ನಿಜವಾಗಿ ಸಿಕ್ಕಿದ ಗಂಟೆ. ಮುಂದಿನ ಎರಡು ವಾರದ ಹಳದಿ ಅವಧಿಗಳನ್ನು ಓದಿ. ಕೊನೆಗಾರ ಬಂದು ಹೋದರೆ ಹಳದಿ ಅಳಿಸಿ, ಬಂದಿಲ್ಲ ಅಂದರೆ ಮುಂದಕ್ಕೆ ಎಳೆಯಿರಿ. ಒಂದು ವಾರ ಅಂಕಿ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ವಾರ ಒಂದೇ ಕಡೆಗೆ ತಪ್ಪಿದರೆ ಹಂತ 3ರ ಶೇಕಡಾ ಅಥವಾ ಹಂತ 4ರ ಗಂಟೆ ತಿದ್ದಬೇಕು.

## ಈ ಲಕ್ಷಣ ಕಂಡರೆ ಎಚ್ಚರ

ರಜೆ ತೀರಾ ಕಡಿಮೆಯಾದರೆ ಖುಷಿ ಪಡಬೇಡಿ. ಜ್ವರ ಬಂದರೂ ಜನ ಬರುತ್ತಿದ್ದಾರೆ, ಅಥವಾ ಕೇಳಲು ಹೆದರುತ್ತಿದ್ದಾರೆ ಎಂದರ್ಥ. ಕೆಲವು ವಾರ ಬಿಟ್ಟು ಒಟ್ಟಿಗೆ ಮಲಗುತ್ತಾರೆ.

ಸೋಮವಾರದ ಗೈರು ಒಬ್ಬರದೇ ಮತ್ತೆ ಮತ್ತೆ ಬರುತ್ತಿದ್ದರೆ ಒಳಗೆ ಕರೆದು ವಿಚಾರಿಸಿ. ಊರಿಂದ ಬರುವ ಬೆಳಗಿನ ಬಸ್ಸು ನಿಂತಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು. ಹತ್ತಕ್ಕೆ ಬರುವ ಅನುಮತಿ ಕೊಟ್ಟರೆ ಇಡೀ ದಿನ ಉಳಿಯುತ್ತದೆ.

ರಜೆ ಮುಗಿಸಿ ಬಂದವರ ಮೇಜಿನ ಮೇಲೆ ಅಷ್ಟೂ ದಿನದ ಕೆಲಸ ಹಾಗೇ ಇದ್ದರೆ, ನೀವು ರಜೆಯನ್ನು ಎಣಿಸಿದ್ದೀರಿ, ಕೆಲಸವನ್ನು ಕಳೆದಿಲ್ಲ. ಹಂತ 6ಕ್ಕೆ ವಾಪಸ್ ಹೋಗಿ.

ಮೊದಲ ಸಲ ಮಾಡುವವರು ಇಡೀ ವರ್ಷಕ್ಕೆ ಹಾಕಲು ಹೋಗಬೇಡಿ. ಗಣಪತಿ ಹಬ್ಬದ ಗಲಾಟೆ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಒಂದು ಮಧ್ಯಾಹ್ನ ಕೂತು ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೇ ತಿಂಗಳು ಹಾಕಿ. ಜನವರಿಯಲ್ಲಿ ಹೊಸ ಅಂಕಿ ಸಿಕ್ಕಿದ ಮೇಲೆ ಮುಂದಿನದು.